ಬೇರೆಡೆಯ ಬೀಜ

ಮನೆಯ ಹೆಂಗಸಿನ ಸ್ತನದಲ್ಲಿ ಗಂಟೊಂದು ಕೈಗೆ ಸಿಕ್ಕಿತೆಂದರೆ ಆ ಮನೆಯಲ್ಲಿ ಒಲೆ ಹೊತ್ತುವುದೂ ತಡವಾಗುತ್ತದೆ. ಐವತ್ತು ದಾಟಿದ ಅಂಥ ಗೃಹಿಣಿಯೊಬ್ಬಳನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಗಂಟು ದುಂಡಗಿದೆ, ಅಂಚು ನಯವಾಗಿದೆ. ಮೇಲಿನ ಚರ್ಮ ಒಳಕ್ಕೆ ಸೆಳೆದಿಲ್ಲ, ಮ್ಯಾಮೊಗ್ರಾಮಿನಲ್ಲಿ ಸುಣ್ಣದ ಚುಕ್ಕೆಗಳಿಲ್ಲ. ನಿರುಪದ್ರವಿಯೆಂದೇ ತೋರಿದ ಆ ಗಂಟಿನಿಂದ ಸೂಜಿ ತೆಗೆದ ಚೂರು ಮಾತ್ರ ಕ್ಯಾನ್ಸರೆಂದಿತು. ಸ್ತನವನ್ನು ತೆಗೆಸಿಬಿಡುವುದೇ ಲೇಸೆಂದು ಬಂಧುಗಳು ತೀರ್ಮಾನಿಸಿದರು. ಬಂಧುಗಳ ತೀರ್ಮಾನಕ್ಕೆ ಸೂಕ್ಷ್ಮದರ್ಶಕ ಬೇಕಿಲ್ಲವಷ್ಟೆ!

ಅದು ಬೇಕಾದದ್ದು ರೋಗಶಾಸ್ತ್ರಜ್ಞರಿಗೆ. ಆ ಕೋಶಗಳು ಅವರಿಗೆ ಪರಊರಿನವರಂತೆ ಕಂಡವು. ಸ್ತನದಲ್ಲಿಯೇ ಹುಟ್ಟಿದ ಕ್ಯಾನ್ಸರಾದರೆ ಹಾಲಿನ ನಾಳಗಳೊಳಗೆ ಅದರ ಎಳೆಯ ರೂಪ ಅನೇಕ ವೇಳೆ ಕಾಣಸಿಗುತ್ತದೆ. ಇಲ್ಲಿ ಅದರ ಸುಳಿವಿಲ್ಲ.

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನದ ಕ್ಯಾನ್ಸರಿನಿಂದ ಮಡಿದ 735 ಸ್ತ್ರೀಯರ ವಿವರಗಳನ್ನು ಪರಿಶೀಲಿಸಿ, ರೋಗದ ಬೀಜ ಎಲ್ಲೆಡೆ ಬಿದ್ದರೂ ಒಗ್ಗಿದ ನೆಲದಲ್ಲಿ ಮಾತ್ರ ಮೊಳೆಯುವುದೆಂದು ವಾದಿಸಿದನು. ಅನ್ಯಬೀಜಕ್ಕೆ ಸ್ತನವು ಸುಲಭವಾಗಿ ಒಗ್ಗುವ ನೆಲವಲ್ಲ. ಅಲ್ಲಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದೋ ಎರಡೋ, ಅದಕ್ಕೂ ಕಡಿಮೆಯೋ, ಹೊರಗಿನಿಂದ ಬಂದವು: ಶ್ವಾಸಕೋಶದಿಂದ, ಅಂಡಾಶಯದಿಂದ, ಮೆಲನೋಮವೆಂಬ ಚರ್ಮದ ಕಪ್ಪು ಕ್ಯಾನ್ಸರಿನಿಂದ. ಅಪರೂಪದ್ದು ಸುಲಭವಾಗಿ ಮರೆತುಹೋಗುತ್ತದೆ.

ಕೋಶದ ತವರನ್ನು ಹುಡುಕಲು ಪ್ರತಿಕಾಯಗಳನ್ನು ಬಳಸಿ ಬಣ್ಣ ಹಾಕುವ ಪರೀಕ್ಷೆಗಳುಂಟು. ಗಾಟಾ-3 ಸ್ತನದತ್ತ, ಟಿಟಿಎಫ್-1 ಶ್ವಾಸಕೋಶದತ್ತ, ಎಚ್‌ಎಂಬಿ-45 ಮೆಲನೋಮದತ್ತ ಬೆರಳು ತೋರಿಸುತ್ತವೆ. ಇವೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತವೆ. ಸ್ತನದ ಗುರುತೆನಿಸಿದ ಈಸ್ಟ್ರೋಜನ್ ಗ್ರಾಹಕವು ಅಂಡಾಶಯದ ಕ್ಯಾನ್ಸರಿನಲ್ಲಿಯೂ ಇರುವುದುಂಟು. ಅಷ್ಟೊಂದು ಬಣ್ಣಗಳಲ್ಲಿ ಯಾವುದನ್ನು ಮೊದಲು ಹಾಕಬೇಕೆಂಬುದನ್ನು ರೋಗಿಯ ಹಳೆಯ ಕಥೆಯೇ ಹೇಳಬೇಕು.

“ಅಮ್ಮ, ಹಿಂದೆ ಏನಾದರೂ ಶಸ್ತ್ರಚಿಕಿತ್ಸೆ ಆಗಿತ್ತೆ?” ಎಂದು ವೈದ್ಯೆ ಕೇಳಿದರು.

“ಇಲ್ಲ. ಆರು ವರ್ಷದ ಹಿಂದೆ ಅಂಗಾಲಿನ ಆಣಿಯೊಂದನ್ನು ತೆಗೆಸಿದ್ದೆ, ಅಷ್ಟೆ.”

ಪಕ್ಕದಲ್ಲಿದ್ದ ಗಂಡ ಕತ್ತು ತಗ್ಗಿಸಿದನು. ಭಾರತೀಯರಲ್ಲಿ ಮೆಲನೋಮ ಅನೇಕ ವೇಳೆ ಕಾಣುವುದು ಅಂಗಾಲಿನಲ್ಲಿಯೇ. ಅದು ಮಗಳ ಜಾತಕ ಹೊರಗೆ ಹೋಗಿದ್ದ ಕಾಲ. ವರದಿ ಪೆಟ್ಟಿಗೆಯ ತಳ ಸೇರಿತ್ತು.

ಮರುದಿನ ಆ ಹಾಳೆ ಬಂದಿತು. ಎಚ್‌ಎಂಬಿ-45ರ ಬಣ್ಣ ಹಿಡಿಯಿತು. ಸ್ತನವನ್ನು ತೆಗೆಯುವ ಮಾತು ನಿಂತಿತು. ರೋಗ ಇನ್ನೆಲ್ಲಿ ಇಳಿದಿದೆಯೆಂದು ಇಡೀ ಮೈಯನ್ನು ನೋಡಬೇಕು, ಮೆಲನೋಮದ ಔಷಧಿಯನ್ನೇ ಕೊಡಬೇಕು ಎಂದರು ವೈದ್ಯೆ.

ಹೊರಗೆ ಬೆಂಚಿನ ಮೇಲೆ ಕುಳಿತು ಆಕೆ ಆ ಹಾಳೆಯನ್ನು ಎರಡು ಸಲ ಓದಿದಳು.

“ಆಣಿ ಎಂದಿದ್ದಿರಲ್ಲ?”

ಗಂಡ ಉತ್ತರ ಕೊಡಲಿಲ್ಲ.