ಗಿಟಾರಿನ ಅಂಚಿನಲ್ಲಿ ಬೀಟೆ

ನಮ್ಮ ಎಷ್ಟೋ ಮನೆಗಳಲ್ಲಿ ಈಗ ವೀಣೆ, ಹಾರ್ಮೋನಿಯಂಗಳ ಜಾಗದಲ್ಲಿ ಗಿಟಾರ್ ಕುಳಿತಿದೆ. ಹಿರಿಯರು ಗೊಣಗಬಹುದು, ನನಗಂತೂ ಬೇಸರವಿಲ್ಲ. ನಿವೃತ್ತಿಯ ನಂತರ ಪುಣೆಯ ನಮ್ಮ ಬಾಲ್ಕನಿಯಲ್ಲಿ ಗಿಟಾರ್ ಮಾಡುವ ಗೀಳು ಹತ್ತಿಸಿಕೊಂಡವನು ನಾನು.

ನಿಮ್ಮ ಗಿಟಾರನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ಹಲಗೆಯೂ ಪಕ್ಕದ ಹಲಗೆಯೂ ಸೇರುವ ಕಡೆ ಸುತ್ತಲೂ ಒಂದು ಪಟ್ಟಿ ಇರಬಹುದು. ಬರೀ ಅಂದಕ್ಕೆ ಇಟ್ಟದ್ದು ಅನ್ನಿಸುತ್ತದೆ. ಆದರೆ ಸೀರೆಯ ಅಂಚಿನಂತೆ ಅದಕ್ಕೆ ಬೇರೆ ಕೆಲಸವೂ ಇದೆ. ಮೇಲಿನ ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಎಂಬ ಮೆದು ಮರದ್ದು. ದಪ್ಪ ಮೂರು ಮಿಲಿಮೀಟರಿನ ಆಸುಪಾಸು. ಕತ್ತರಿಸಿದ ತುದಿಯಲ್ಲಿ ಮರದ ಎಳೆಗಳ ಬಾಯಿ ತೆರೆದಿರುತ್ತದೆ. ಮುಂಬಯಿಯ ಮಳೆಗಾಲದ ತೇವ ಬೇಗ ಒಳನುಗ್ಗುವುದು ಅಲ್ಲಿಂದಲೇ. ಅಂಚುಪಟ್ಟಿ ಆ ಬಾಯಿ ಮುಚ್ಚುತ್ತದೆ, ಪೆಟ್ಟನ್ನೂ ತಾಳಿಕೊಳ್ಳುತ್ತದೆ.

ಕಾರ್ಖಾನೆಯ ಅನೇಕ ಗಿಟಾರುಗಳಲ್ಲಿ ಈ ಪಟ್ಟಿ ಪ್ಲಾಸ್ಟಿಕ್ಕಿನದು. ಮೊಮ್ಮಗಳಿಗೆಂದು ಮಾಡುತ್ತಿದ್ದ ಗಿಟಾರಿಗೆ ನಾನು ಬಳಸಿದ್ದು ನಮ್ಮ ಅಜ್ಜಿಯ ಬೀಟೆ ಮಂಚದ ಮರ. ಮಲೆನಾಡಿನ ಆ ಮನೆ ಮಾರಾಟವಾದಾಗ ಮಂಚ ಯಾರ ಫ್ಲ್ಯಾಟಿಗೂ ಹಿಡಿಸಲಿಲ್ಲ. ಪಕ್ಕದ ಒಂದು ಉದ್ದನೆಯ ಮರವನ್ನು ಮಾತ್ರ ನಾನು ತಂದಿದ್ದೆ. ಹುಳು ತಿಂದದ್ದು, ಮೊಳೆಯ ತೂತುಗಳು ಕಳೆದು ನಾಲ್ಕು ಪಟ್ಟಿಗಷ್ಟೇ ನೇರ ಎಳೆಯ ಮರ ಸಿಕ್ಕಿತು: ದಪ್ಪ 2 ಮಿ.ಮೀ., ಅಗಲ 6 ಮಿ.ಮೀ. ಮೇಲೆರಡು, ಕೆಳಗೆರಡು. ಒಂದು ಮುರಿದರೂ ಬದಲಿ ಇರಲಿಲ್ಲ.

ಒಳಗಿನಿಂದ ಕಾಯಿಸಿದ ಲೋಹದ ಕೊಳವೆಗೆ ಒದ್ದೆ ಪಟ್ಟಿಯನ್ನು ಒತ್ತಿ ಹಿಡಿಯಬೇಕು. ನೀರಿನ ಹನಿ ಚುರ್ ಎಂದು ಹಾರಿಹೋಗುವಷ್ಟು ಕಾವು. ಶಾಖಕ್ಕೆ ಮರದೊಳಗಿನ ಲಿಗ್ನಿನ್ ಮೆತ್ತಗಾಗುತ್ತದೆ. ಆರಿದಾಗ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ಗಿಟಾರಿನ ಸೊಂಟದ ತಿರುವೇ ಕಷ್ಟದ್ದು. ಕೈ ಅವಸರಪಟ್ಟರೆ ಪಟ್ಟಿ ಚಟ್ಟೆಂದು ಮುರಿಯುತ್ತದೆ. ಮರ ತಾನಾಗಿ ಬಾಗುವವರೆಗೆ ಕಾಯಬೇಕು. ಕಾದಂತೆಲ್ಲ ಬೀಟೆಯ ಸಿಹಿ ಪರಿಮಳ ಬಾಲ್ಕನಿಯನ್ನು ತುಂಬಿತು.

ಅಂಚಿನಲ್ಲಿ ಮೆಟ್ಟಿಲಿನಂತೆ ಕೊರೆದ ಜಾಗದಲ್ಲಿ ಪಟ್ಟಿಯನ್ನು ಮೊದಲು ಅಂಟಿಲ್ಲದೆ ಕೂರಿಸಿ ನೋಡುತ್ತೇವೆ. ಕೂದಲೆಳೆಯಷ್ಟು ಸಂದು ಕಂಡರೂ ಮತ್ತೆ ಬಿಸಿಗೆ. ಆಮೇಲೆ ಅಂಟು, ಎರಡೆರಡು ಬೆರಳಿಗೊಂದು ಗಟ್ಟಿ ಟೇಪು. ಸ್ಪೇನಿನ ಸಾಂಪ್ರದಾಯಿಕ ಕುಶಲಕರ್ಮಿಗಳು ಟೇಪಿನ ಬದಲು ಹುರಿ ಸುತ್ತಿ ಬಿಗಿಯುತ್ತಾರೆ. ಮರುದಿನ ಟೇಪು ಬಿಡಿಸಿ, ಉಕ್ಕಿನ ತಗಡಿನಿಂದ ಹೆರೆದು ಸಮ ಮಾಡಿದೆ. ನಾಲ್ಕೂ ಸರಿಯಾಗಿ ಕೂತಿದ್ದವು. ಮೊಮ್ಮಗಳು ಅದರಲ್ಲಿ ಮೊದಲು ನುಡಿಸಿದ್ದು ಇಂಗ್ಲಿಷ್ ಹಾಡು. ತೋಳು ಊರಿದ್ದು ಮಾತ್ರ ನಮ್ಮ ಅಜ್ಜಿಯ ಮಂಚಕ್ಕೆ!

ಜಗತ್ತು ಇಂಡಿಯನ್ ರೋಸ್‌ವುಡ್ ಎನ್ನುವುದು ನಮ್ಮ ಪಶ್ಚಿಮಘಟ್ಟದ ಈ ಬೀಟೆಯನ್ನೇ. ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲಿನ ರೋಸ್‌ವುಡ್ ಸಾಲದಾಗಿ ಇದಕ್ಕೆ ಹೊರಳಿತು. ಈಗ ಬೀಟೆಯೂ ಅಪಾಯದಲ್ಲಿದೆ. 2017ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿದೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

ಅಂಗಡಿಯವರು ರೋಸ್‌ವುಡ್ ಎಂದಾಗ ಬೀಟೆ ಎಂಬ ಹೆಸರೂ ನಿಮ್ಮ ನಾಲಿಗೆಯ ಮೇಲಿರಲಿ. ಊರಿನ ಹಳೆಯ ಮನೆ ಖಾಲಿ ಮಾಡುವ ಪ್ರಸಂಗ ಬಂದರೆ, ಮುರಿದ ಮಂಚವನ್ನು ಒಲೆಗೆ ಹಾಕುವ ಮುನ್ನ ಅದರ ಎಳೆ ನೇರವಾಗಿದೆಯೇ ಎಂದು ಒಮ್ಮೆ ನೋಡಿ. ನಾಲ್ಕು ಪಟ್ಟಿಗೆ ಬೇಕಾಗುವುದು ಬಹಳ ಕಡಿಮೆ ಮರ.