ತಾಲ್ಲೂಕನ್ನು ತೂಗಿದ ಅರ್ಥಶಾಸ್ತ್ರಜ್ಞ

ಶುಕ್ರವಾರ ಬಂತೆಂದರೆ ಬೆಂಗಳೂರಿನಿಂದ ಕೊರಟಗೆರೆಯ ಕಡೆಗೆ ಹೊರಡುವ ವಾಹನಗಳ ಸಾಲು ಬೆಳೆಯುತ್ತದೆ. ತೀತಾ ಜಲಾಶಯದ ಬಳಿಯ ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿಯ ದೇವಾಲಯವಿದೆ. ನಗರದ ಗೃಹಸ್ಥರು ಸಂಸಾರಸಮೇತರಾಗಿ ಬಂದು, ಹರಕೆ ಸಲ್ಲಿಸಿ, ಸಂಜೆಯ ಹೊತ್ತಿಗೆ ಮನೆ ಸೇರುತ್ತಾರೆ. ಹೀಗೆ ಬಂದುಹೋಗುವವರಲ್ಲಿ ಅದೇ ತಾಲ್ಲೂಕಿನ ಹೊಳವನಹಳ್ಳಿಯವರೆಗೆ ಹೋದವರು ವಿರಳ. ಹೋಗಬೇಕಾದ ಕಾರಣವೂ ಅವರಿಗಿಲ್ಲ. ಅದೊಂದು ಹೋಬಳಿ ಕೇಂದ್ರ. ಒಂದು ಕಾಲಕ್ಕೆ ಪಾಳೆಯಗಾರರು ಆಳಿದ ಊರು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಸೀಮೆ ಅದು. ಆ ನದಿಯಲ್ಲಿ ವರ್ಷದ ಬಹುಭಾಗ ಕಾಣುವುದು ನೀರಿಗಿಂತ ಮರಳೇ ಹೆಚ್ಚು. ಲಕ್ಷ್ಮಿಯನ್ನು ಕಾಣಲು ರಾಜಧಾನಿಯಿಂದ ಜನ ಈ ತಾಲ್ಲೂಕಿಗೆ ಬರುತ್ತಾರಾದರೂ, ಲಕ್ಷ್ಮಿಯು ಮಾತ್ರ ಈ ತಾಲ್ಲೂಕಿನಲ್ಲಿ ಸ್ಥಿರವಾಗಿ ನಿಂತಂತಿಲ್ಲ.

ಈ ಮಾತು ಕೇವಲ ಚಮತ್ಕಾರಕ್ಕಾಗಿ ಆಡಿದ್ದಲ್ಲ. 2002ರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞರು ಕೊರಟಗೆರೆಯನ್ನೂ ಅದರ ನೆರೆಯ ಮಧುಗಿರಿ, ಶಿರಾ, ಪಾವಗಡಗಳನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಅವುಗಳ ತೂಕವನ್ನು ದಶಮಾಂಶ ಸಮೇತ ಸರ್ಕಾರದ ಮುಂದಿಟ್ಟರು. ಅವರು ಡಾ. ಡಿ. ಎಂ. ನಂಜುಂಡಪ್ಪನವರು.

ಅರ್ಥಶಾಸ್ತ್ರಜ್ಞರೆಂದರೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಬಗೆಯ ಗೌರವವೂ ಅದರೊಡನೆ ಒಂದಿಷ್ಟು ಸಂಶಯವೂ ಉಂಟು. ತಿಂಗಳ ಕೊನೆಯ ವಾರದಲ್ಲಿ ಮನೆ ನಡೆಸುವ ಗೃಹಿಣಿಗೆ ಗೊತ್ತಿರುವುದಕ್ಕಿಂತ ಹೆಚ್ಚಿನದೇನನ್ನು ಇವರು ಹೇಳಬಲ್ಲರು ಎಂಬ ಪ್ರಶ್ನೆ ನ್ಯಾಯವಾದದ್ದೇ. ನಂಜುಂಡಪ್ಪನವರ ವಿಶೇಷವೆಂದರೆ, ಅವರ ವಿದ್ಯೆಯೂ ಬಹುಮಟ್ಟಿಗೆ ಗೃಹಿಣಿಯ ವಿದ್ಯೆಯೇ ಆಗಿತ್ತು. ಬಂದ ಹಣ ಎಲ್ಲಿಂದ ಬಂತು, ಹೋದದ್ದು ಎಲ್ಲಿಗೆ ಹೋಯಿತು, ಯಾರ ತಟ್ಟೆಗೆ ಕಡಿಮೆ ಬಿತ್ತು ಎಂಬುದನ್ನು ಅವರು ಬಿಡದೆ ವಿಚಾರಿಸಿದರು. ಸರ್ಕಾರದ ಹಣಕಾಸು ಅವರ ಅಧ್ಯಯನದ ಕ್ಷೇತ್ರ. ಸಾರಿಗೆಯ ಯೋಜನೆ ಮತ್ತು ಹಣಕಾಸು, ರಸ್ತೆ ಬಳಸುವವರ ಮೇಲಿನ ತೆರಿಗೆ, ಹಿಂದುಳಿದ ಪ್ರದೇಶಗಳ ಅಭಿವೃದ್ಧಿ, ಇವು ಅವರ ಗ್ರಂಥಗಳ ವಸ್ತು. ರಸ್ತೆಯ ಹೆಸರಿನಲ್ಲಿ ವಸೂಲಾದ ತೆರಿಗೆ ಮರಳಿ ರಸ್ತೆಗೆ ಬರುತ್ತದೆಯೆ ಎಂಬ ಪ್ರಶ್ನೆ ನೋಡುವುದಕ್ಕೆ ಸಣ್ಣದು. ಆದರೆ ಹಳ್ಳಿಯ ಗಾಡಿಜಾಡಿನಲ್ಲಿ ಒಮ್ಮೆ ಪಯಣಿಸಿದವರಾರೂ ಅದನ್ನು ಸಣ್ಣದೆನ್ನಲಾರರು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಅವರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮುಂದೆ ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರಾದರು. ಮೊದಲು ಕರ್ನಾಟಕ ವಿಶ್ವವಿದ್ಯಾನಿಲಯಕ್ಕೂ ಅನಂತರ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೂ ಕುಲಪತಿಗಳಾದರು. ರಾಜ್ಯ ಯೋಜನಾ ಮಂಡಲಿಯ ಉಪಾಧ್ಯಕ್ಷ ಪದವಿಯನ್ನೂ ವಹಿಸಿದರು. ಪದವಿಗಳ ಈ ಪಟ್ಟಿಯನ್ನು ಇನ್ನೂ ಬೆಳೆಸಬಹುದು. ಆದರೆ ಅವರ ಹೆಸರು ಇಂದಿಗೂ ಜನರ ಬಾಯಲ್ಲಿ ಉಳಿದಿರುವುದು ಈ ಯಾವ ಪದವಿಯಿಂದಲೂ ಅಲ್ಲ, ಒಂದು ವರದಿಯಿಂದ. ಸರ್ಕಾರದ ವರದಿಗಳಿಗೆ ಸಾಮಾನ್ಯವಾಗಿ ದೊರೆಯುವ ಗತಿ ಕಪಾಟು ಮತ್ತು ಗೆದ್ದಲು. ಒಂದು ವರದಿಯು ತನ್ನ ಕರ್ತೃವಿನ ಹೆಸರಿನಿಂದಲೇ ಗುರುತಾಗಿ, ವಿಧಾನಸಭೆಯಿಂದ ಹಿಡಿದು ಬಸ್‌ನಿಲ್ದಾಣದವರೆಗೆ ‘ನಂಜುಂಡಪ್ಪ ವರದಿ’ ಎಂದು ಹೇಳಿದರೆ ಸಾಕೆಂಬಷ್ಟು ಪ್ರಸಿದ್ಧವಾಗುವುದು ಅಪರೂಪ.

ಅದರ ಹಿನ್ನೆಲೆಯನ್ನು ತುಸು ನೋಡಬೇಕು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ, ಒಂದೇ ಸೂರಿನಡಿ ಬಂದವರ ಸ್ಥಿತಿಗತಿಗಳು ಒಂದೇ ಆಗಿರಲಿಲ್ಲ. ಮುಂಬಯಿ ಪ್ರಾಂತದಿಂದ ಬಂದ ಜಿಲ್ಲೆಗಳು, ಹೈದರಾಬಾದಿನಿಂದ ಬಂದವು, ಮದರಾಸಿನಿಂದ ಬಂದವು, ಕೊಡಗು, ಹಳೆಯ ಮೈಸೂರು, ಒಂದೊಂದಕ್ಕೆ ಒಂದೊಂದು ಚರಿತ್ರೆ. ಇವುಗಳಲ್ಲಿ ಹಳೆಯ ಮೈಸೂರೇ ಅನುಕೂಲಸ್ಥ ಅಣ್ಣನೆಂದು ಎಲ್ಲರೂ ಭಾವಿಸಿದರು. ಹಾಗೆ ಭಾವಿಸಲು ಕಾರಣವಿತ್ತು. ಕನ್ನಂಬಾಡಿಯ ಕಟ್ಟೆ ಅಲ್ಲಿತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅಲ್ಲಿತ್ತು. 1913ರಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಆರಂಭವಾದ ಮೈಸೂರು ಬ್ಯಾಂಕು ಅಲ್ಲಿತ್ತು. ಅಂದಿನಿಂದ ಉತ್ತರ ಕರ್ನಾಟಕವೆಂದರೆ ಹಿಂದುಳಿದದ್ದು, ದಕ್ಷಿಣವೆಂದರೆ ಮುಂದುವರಿದದ್ದು ಎಂಬ ಮಾತು ರೂಢಿಗೆ ಬಂತು. ಉತ್ತರದವರ ನೋವು ನಿಜವಾದದ್ದು. ಅದನ್ನು ಅಲ್ಲಗಳೆಯುವುದು ಅನ್ಯಾಯ.

ಆದರೆ ಪಾವಗಡವೂ ಹಳೆಯ ಮೈಸೂರೇ ಅಲ್ಲವೆ? ಬಹುಪಾಲು ಸುತ್ತಲೂ ಆಂಧ್ರದ ನೆಲವೇ ಇರುವ, ಮಳೆಯನ್ನು ಮುಗಿಲಲ್ಲಿ ಹುಡುಕಿ ಹುಡುಕಿ ಕಣ್ಣು ಸೋತ, ಕುಡಿಯುವ ನೀರಿನಲ್ಲಿ ಫ್ಲೋರೈಡಿನ ವಿಷವನ್ನು ಉಂಡ ಆ ತಾಲ್ಲೂಕಿಗೆ ಕಾವೇರಿಯ ಕಟ್ಟೆಯಿಂದ ಆದ ಲಾಭವೇನು? ಒಂದು ಅವಿಭಕ್ತ ಕುಟುಂಬವನ್ನು ಊಹಿಸಿಕೊಳ್ಳೋಣ. ಹಿರಿಯ ಮಗನಿಗೆ ಬೆಂಗಳೂರಿನಲ್ಲಿ ತಿಂಗಳಿಗೆ ಒಂದು ಲಕ್ಷ ರೂಪಾಯಿ ಸಂಬಳ. ಊರಿನಲ್ಲಿ ಉಳಿದ ಮೂವರು ತಮ್ಮಂದಿರಿಗೆ ಏನೂ ಇಲ್ಲ. ಗಣಿತದ ಪ್ರಕಾರ ಒಬ್ಬೊಬ್ಬರ ಆದಾಯ ಇಪ್ಪತ್ತೈದು ಸಾವಿರ. ಈ ಲೆಕ್ಕವನ್ನು ನೋಡಿದ ಅಧಿಕಾರಿ, ‘ಈ ಮನೆಗೆ ಏನೂ ಕೊರತೆಯಿಲ್ಲ’ ಎಂದು ಬರೆದುಕೊಂಡು ಹೋದರೆ, ತಮ್ಮಂದಿರು ಆ ಸರಾಸರಿಯನ್ನು ಬೇಯಿಸಿ ತಿನ್ನಲಾದೀತೆ? ‘ದಕ್ಷಿಣ’ ಎಂಬ ಹೆಸರಿನ ಸರಾಸರಿಯಲ್ಲಿ ಪಾವಗಡವೂ ಮಧುಗಿರಿಯೂ ಕೊರಟಗೆರೆಯೂ ಹೀಗೆ ಕಾಣೆಯಾಗಿದ್ದವು.

2000ದ ಅಕ್ಟೋಬರಿನಲ್ಲಿ ಎಸ್. ಎಂ. ಕೃಷ್ಣ ಅವರ ಸರ್ಕಾರವು ಪ್ರಾದೇಶಿಕ ಅಸಮತೋಲನದ ನಿವಾರಣೆಗಾಗಿ ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯೊಂದನ್ನು ನೇಮಿಸಿತು. ಸಮಿತಿಯು ಮಾಡಿದ ಮುಖ್ಯವಾದ ಕೆಲಸ, ತೂಕದ ಬಟ್ಟನ್ನು ಬದಲಾಯಿಸಿದ್ದು. ಪ್ರಾಂತವನ್ನಲ್ಲ, ಜಿಲ್ಲೆಯನ್ನೂ ಅಲ್ಲ, ತಾಲ್ಲೂಕನ್ನು ತೂಗಬೇಕೆಂದು ಅದು ನಿಶ್ಚಯಿಸಿತು. ಆಗ ರಾಜ್ಯದಲ್ಲಿದ್ದದ್ದು 175 ತಾಲ್ಲೂಕುಗಳು. ಪ್ರತಿಯೊಂದನ್ನೂ 35 ಅಂಶಗಳಲ್ಲಿ ಅಳೆಯಲಾಯಿತು. ಕೃಷಿಗೆ ಸಂಬಂಧಿಸಿದವು 9, ಕೈಗಾರಿಕೆ-ವ್ಯಾಪಾರ-ಹಣಕಾಸಿನವು 5, ರಸ್ತೆ ವಿದ್ಯುತ್ತು ಮೊದಲಾದ ಆರ್ಥಿಕ ಸೌಕರ್ಯಗಳು 9, ಶಾಲೆ ಆಸ್ಪತ್ರೆ ಮೊದಲಾದ ಸಾಮಾಜಿಕ ಸೌಕರ್ಯಗಳು 7, ಜನಸಂಖ್ಯೆಯ ಲಕ್ಷಣಗಳು 5. ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗೆ ಬಿದ್ದ ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದರು. 0.89ರಿಂದ 0.99ರವರೆಗೆ ಹಿಂದುಳಿದವು, 0.80ರಿಂದ 0.88ರವರೆಗೆ ಹೆಚ್ಚು ಹಿಂದುಳಿದವು, 0.79ರಿಂದ ಕೆಳಕ್ಕೆ 0.53ರವರೆಗೆ ಅತ್ಯಂತ ಹಿಂದುಳಿದವು. ವ್ಯಾಕರಣದ ತರ-ತಮ ಭಾವಕ್ಕೆ ಇಷ್ಟು ದುಃಖದ ಉದಾಹರಣೆಯನ್ನು ಯಾವ ಪಾಠಪುಸ್ತಕವೂ ಕೊಟ್ಟಿರಲಾರದು.

ಹಣಕಾಸಿನ ಅಂಶಗಳಲ್ಲಿ ಒಂದು, ಲಕ್ಷ ಜನಕ್ಕೆ ಎಷ್ಟು ಬ್ಯಾಂಕ್ ಶಾಖೆಗಳಿವೆ ಎಂಬುದು. ನಗರದಲ್ಲಿ ಬೀದಿಗೆರಡು ಬ್ಯಾಂಕುಗಳನ್ನು ಕಂಡವರಿಗೆ ಇದೇನು ದೊಡ್ಡ ಸಂಗತಿ ಎನಿಸಬಹುದು. ಹೊಳವನಹಳ್ಳಿಯ ಕಡೆಯ ಎರಡೆಕರೆಯ ರೈತನೊಬ್ಬನನ್ನು ನೆನೆದರೆ ಅದರ ಅರ್ಥ ತಿಳಿದೀತು. ಮುಂಗಾರು ಬಿದ್ದ ವಾರದಲ್ಲೇ ಅವನಿಗೆ ರಾಗಿಯ ಬೀಜಕ್ಕೂ ಗೊಬ್ಬರಕ್ಕೂ ಹಣ ಬೇಕು. ಮುಂದಿನ ತಿಂಗಳು ಸಿಕ್ಕಿದರೆ ಅದು ಸಿಕ್ಕದಂತೆಯೇ. ಬ್ಯಾಂಕು ದೂರವಿದ್ದು, ಪಹಣಿ ಹಿಡಿದು ಮೂರು ಸಲ ಅಲೆದರೆ ಮೂರು ದಿನದ ಕೂಲಿ ಹೋಯಿತು, ಹದವೂ ಹೋಯಿತು. ಊರಿನ ಸಾಹುಕಾರನಾದರೋ ರಾತ್ರಿ ಬಾಗಿಲು ತಟ್ಟಿದರೂ, ‘ಬಾರಪ್ಪ, ಎಷ್ಟು ಬೇಕು?’ ಎನ್ನುತ್ತಾನೆ. ಹೆಂಡತಿಯ ಓಲೆ ಗಿರವಿಯಾಗುತ್ತದೆ, ಬಡ್ಡಿ ಬೆಳೆಯುತ್ತದೆ, ಬೆಳೆ ಬಂದರೂ ಬರದಿದ್ದರೂ ಬಡ್ಡಿ ಮಾತ್ರ ತಪ್ಪದೆ ಬರುತ್ತದೆ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದ ಮೇಲೆ ಹಳ್ಳಿಗಳಲ್ಲಿ ಶಾಖೆಗಳು ತೆರೆದದ್ದು ಸತ್ಯ. ಆದರೆ ಯಾವ ಹಳ್ಳಿಗಳಲ್ಲಿ, ಎಷ್ಟೆಷ್ಟು ಎಂಬ ಪ್ರಶ್ನೆಯನ್ನು ತಾಲ್ಲೂಕುವಾರು ಕೇಳುವವರು ಬೇಕಾಗಿತ್ತು. ಬ್ಯಾಂಕಿನ ಶಾಖೆಯನ್ನು ನೀರಾವರಿ, ಸಾಕ್ಷರತೆಗಳ ಪಂಕ್ತಿಯಲ್ಲಿಯೇ ಕೂರಿಸಿದ್ದು ಈ ವರದಿಯ ವಿವೇಕ.

2002ರಲ್ಲಿ ಫಲಿತಾಂಶ ಹೊರಬಿತ್ತು. 175ರಲ್ಲಿ 114 ತಾಲ್ಲೂಕುಗಳು ಹಿಂದುಳಿದವು. ಅವುಗಳಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣ ಕರ್ನಾಟಕದವು! ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಕಂಡಾಗ ಅನೇಕರಿಗೆ ಆಶ್ಚರ್ಯವಾಯಿತು. ಆದರೆ ಅತ್ಯಂತ ಹಿಂದುಳಿದ 39ನ್ನು ಮಾತ್ರ ನೋಡಿದರೆ ಉತ್ತರದ ಪಾಲು 26, ದಕ್ಷಿಣದ್ದು 13. ಅಂದರೆ ಉತ್ತರದ ಅಳಲೂ ಸುಳ್ಳಲ್ಲ, ದಕ್ಷಿಣದ ಸುಖವೂ ಪೂರ್ತಿ ನಿಜವಲ್ಲ. ಆ ಹದಿಮೂರರ ಪಟ್ಟಿಯಲ್ಲಿ ಮಧುಗಿರಿ, ಶಿರಾ, ಪಾವಗಡ ಮೂರೂ ಇದ್ದವು. ತುಮಕೂರು ಜಿಲ್ಲೆಯೇ ಆದ ಗುಬ್ಬಿ, ಕುಣಿಗಲ್ಲುಗಳೂ ಇದ್ದವು. ಕೊರಟಗೆರೆಗೆ ದೊರೆತದ್ದು ಒಂದು ಮೆಟ್ಟಿಲು ಮೇಲಿನ ಸ್ಥಾನ, ‘ಹೆಚ್ಚು ಹಿಂದುಳಿದದ್ದು’. ಆ ಹೊತ್ತಿಗೆ ಕೊರಟಗೆರೆ, ಮಧುಗಿರಿ, ಪಾವಗಡಗಳಿಗೆ ರೈಲಿನ ಹಳಿಯೂ ಇರಲಿಲ್ಲ. ವಿಧಾನಸೌಧದಿಂದ ಒಂದು ಬೆಳಗಿನ ಪ್ರಯಾಣದಷ್ಟು ದೂರದಲ್ಲಿರುವ ಊರುಗಳ ಕಥೆ ಇದು.

ತೂಗಿ ಬಿಟ್ಟಿದ್ದರೆ ಅದು ಪಂಡಿತರ ಕೆಲಸವಾಗಿ ಮುಗಿಯುತ್ತಿತ್ತು. ನಂಜುಂಡಪ್ಪನವರು ಹಣದ ಮಾತಿಗೆ ಬಂದರು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ 31,000 ಕೋಟಿ ರೂಪಾಯಿ ಬೇಕೆಂದರು. ಇದರಲ್ಲಿ 15,000 ಕೋಟಿ ಆಯವ್ಯಯದಿಂದ ಹೇಗೂ ಬರತಕ್ಕದ್ದು, ಉಳಿದ 16,000 ಕೋಟಿ ಅದರ ಮೇಲೆ ಹೆಚ್ಚಾಗಿ ಕೊಡತಕ್ಕದ್ದು. ಹಂಚಿಕೆ ಉತ್ತರಕ್ಕೆ ನೂರಕ್ಕೆ 60, ದಕ್ಷಿಣಕ್ಕೆ 40. ಇಡೀ ವರದಿಯ ಜೀವ ಆ ‘ಹೆಚ್ಚಾಗಿ’ ಎಂಬ ಒಂದು ಪದದಲ್ಲಿದೆ. ಸರ್ಕಾರದ ಹಣಕಾಸನ್ನು ಒಳಗಿನಿಂದ ಕಂಡಿದ್ದ ಅವರಿಗೆ ಇಲಾಖೆಗಳ ಉಪಾಯ ತಿಳಿಯದ್ದೇನಲ್ಲ. ಮೊದಲೇ ಆಗಬೇಕಾಗಿದ್ದ ರಸ್ತೆಗೆ ಹೊಸ ಯೋಜನೆಯ ಫಲಕ ತೂಗುಹಾಕಿದರೆ ಲೆಕ್ಕವೂ ಸರಿಹೋಗುತ್ತದೆ, ಖಜಾನೆಯೂ ಉಳಿಯುತ್ತದೆ. ಮಗನಿಗೆ ಹಬ್ಬದ ಉಡುಗೊರೆಯೆಂದು ಅವನ ಶಾಲೆಯ ಸಮವಸ್ತ್ರವನ್ನೇ ಹೊಲಿಸಿಕೊಡುವ ಜಾಣ ತಂದೆಯಂತೆ!

ವರದಿಯ ಮುಂದಿನ ಕಥೆ ಅಷ್ಟು ಉತ್ಸಾಹದ್ದಲ್ಲ. ನಂಜುಂಡಪ್ಪನವರು 2005ರಲ್ಲಿ ತೀರಿಕೊಂಡರು. ವಿಶೇಷ ಅಭಿವೃದ್ಧಿ ಯೋಜನೆ ಜಾರಿಗೆ ಬಂದದ್ದು 2007-08ರಲ್ಲಿ, ಅಂದರೆ ವರದಿ ಕೈಸೇರಿದ ಐದು ವರ್ಷಗಳ ಮೇಲೆ. ಘೋಷಿಸಿದ್ದಷ್ಟು ಬಿಡುಗಡೆಯಾಗಲಿಲ್ಲ, ಬಿಡುಗಡೆಯಾದದ್ದಷ್ಟು ವೆಚ್ಚವಾಗಲಿಲ್ಲ ಎಂಬ ದೂರು ವರ್ಷವರ್ಷವೂ ಕೇಳಿಬಂತು. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371ನೆಯ (ಜೆ) ವಿಧಿ ಸೇರಿ, ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ದೊರೆಯಿತು. ಅದು ಅಲ್ಲಿಯ ಜನರಿಗೆ ಸಲ್ಲಲೇಬೇಕಾಗಿದ್ದ ನ್ಯಾಯ. ಅವರ ಹಿಂದೆ ಒಂದು ಪ್ರಾಂತದ ಹೆಸರಿತ್ತು, ದಶಕಗಳ ಹೋರಾಟವಿತ್ತು, ಶಾಸಕರ ಒಗ್ಗಟ್ಟಿತ್ತು. ಮಧುಗಿರಿ-ಪಾವಗಡಗಳಿಗೆ ಅಂಥ ಹೆಸರಿಲ್ಲ. ಒಂದು ಅಂಕಿ ಮಾತ್ರ ಇದೆ. ಅಂಕಿಯನ್ನು ಹಿಡಿದು ಮೆರವಣಿಗೆ ಮಾಡುವುದು ಕಷ್ಟ.

ವರದಿಯಲ್ಲಿ ಲೋಪಗಳಿಲ್ಲವೆಂದಲ್ಲ. ಜಿಲ್ಲೆಯ ಸರಾಸರಿ ತಾಲ್ಲೂಕನ್ನು ಮರೆಮಾಡುವುದಾದರೆ, ತಾಲ್ಲೂಕಿನ ಸರಾಸರಿ ಹೋಬಳಿಯನ್ನು ಮರೆಮಾಡುವುದಿಲ್ಲವೆ? ಕೊರಟಗೆರೆ ಪಟ್ಟಣದ ಕಾಲೇಜೂ ಆಸ್ಪತ್ರೆಯೂ ಹೊಳವನಹಳ್ಳಿಯ ಲೆಕ್ಕಕ್ಕೂ ಜಮೆಯಾಗುತ್ತವೆ. ಹೊಳವನಹಳ್ಳಿಯ ಹೆಸರು ಆ ಕೋಷ್ಟಕಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಕಟ್ಟಡಗಳನ್ನು ಎಣಿಸಬಹುದು, ಅದರೊಳಗೆ ವೈದ್ಯರು ಕುಳಿತಿದ್ದಾರೆಯೆ ಎಂಬುದು ಎಣಿಕೆಗೆ ಸುಲಭವಾಗಿ ಸಿಕ್ಕುವುದಿಲ್ಲ. ನದಿಯಲ್ಲಿ ನೀರೆಷ್ಟು, ಮರಳೆಷ್ಟು ಉಳಿದಿದೆ ಎಂಬ ಲೆಕ್ಕವಂತೂ ದೂರವೇ ಉಳಿಯಿತು. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಈ ಆಕ್ಷೇಪಗಳನ್ನು ಎತ್ತುವ ದಾರಿಯನ್ನು ತೋರಿಸಿಕೊಟ್ಟವರೂ ನಂಜುಂಡಪ್ಪನವರೇ. ಸರಾಸರಿಯನ್ನು ಒಡೆದು ನೋಡಬೇಕೆಂದು ಅವರು ಕಲಿಸಿದ್ದರಿಂದಲೇ ಇನ್ನೂ ಒಂದು ಸಲ ಒಡೆದು ನೋಡಿ ಎನ್ನಲು ಸಾಧ್ಯವಾಗಿದೆ.

ಅವರು ಕಾಣದೆ ಹೋದ ಒಂದು ವಿಚಿತ್ರ ಪಾವಗಡದಲ್ಲಿ ನಡೆಯಿತು. ಯಾವ ಬಿಸಿಲು ಆ ತಾಲ್ಲೂಕನ್ನು ಪಟ್ಟಿಯ ತಳಕ್ಕೆ ತಳ್ಳಿತ್ತೋ ಅದೇ ಬಿಸಿಲಿಗೆ ಬೆಲೆ ಬಂತು. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಉದ್ಯಾನ ತಲೆಯೆತ್ತಿ, 2018ರಲ್ಲಿ ಉದ್ಘಾಟನೆಯಾಗಿ, 2,000 ಮೆಗಾವಾಟಿನವರೆಗೆ ಬೆಳೆಯಿತು. ರೈತರು ಹೊಲವನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ಜಮೀನಿನ ಒಡೆಯನಿಗೆ ಇದು ವರ್ಷವೂ ತಪ್ಪದ ಬೆಳೆ. ಜಮೀನಿಲ್ಲದೆ ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳಿಗೆ ಮಾತ್ರ ಗುತ್ತಿಗೆಯ ಹಣವೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ತಾಲ್ಲೂಕಿನ ಸರಾಸರಿ ಏರಿದ ದಿನವೇ ಅವಳ ಮನೆಯ ಒಲೆ ಆರಿದರೆ, 35 ಅಂಶಗಳಲ್ಲಿ ಅದನ್ನು ಯಾವ ಅಂಕಣದಲ್ಲಿ ಬರೆಯಬೇಕು?

2024ರಲ್ಲಿ ರಾಜ್ಯ ಸರ್ಕಾರವು ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಪರಿಶೀಲಿಸಲು ಅರ್ಥಶಾಸ್ತ್ರಜ್ಞ ಪ್ರೊಫೆಸರ್ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ರಚಿಸಿತು. ಅಷ್ಟರಲ್ಲಿ ತಾಲ್ಲೂಕುಗಳ ಸಂಖ್ಯೆ ಇನ್ನೂರನ್ನು ದಾಟಿ ಹೋಗಿತ್ತು. ಕೈಗೆ ಸಿಕ್ಕುತ್ತಿದ್ದ ಕೊನೆಯ ಜನಗಣತಿ 2011ರದು. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಗಳು ಮತ್ತೊಮ್ಮೆ ತಕ್ಕಡಿಯ ಮುಂದೆ ನಿಂತವು, ಕೊರಟಗೆರೆಯೊಳಗೆ ಎಂದಿನಂತೆ ಹೆಸರಿಲ್ಲದೆ ಹೊಳವನಹಳ್ಳಿ.