ಆಕಾಶದಲ್ಲೊಂದು ಟೆಂಟ್ ಸಿನಿಮಾ

ಟೆಂಟ್ ಸಿನಿಮಾ ನೆಲದ ಮೇಲೆ ಮಾತ್ರ ಅಂದುಕೊಂಡಿರಾ? 1961ರ ಜುಲೈ 19ರಂದು ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಹಾರಿದ ಟಿಡಬ್ಲ್ಯುಎ ವಿಮಾನದ ಫಸ್ಟ್ ಕ್ಲಾಸಿನಲ್ಲಿ 16 ಎಂಎಂ ರೀಲು ಓಡಿತು. ಚಿತ್ರ, ಲಾನಾ ಟರ್ನರ್‌ಳ ‘ಬೈ ಲವ್ ಪೊಸೆಸ್ಡ್’. ಮುಂದೆ ಸ್ಟೆತಾಸ್ಕೋಪಿನಂಥ ಟೊಳ್ಳು ನಳಿಗೆ ಬಂತು. ವೈರೇ ಇಲ್ಲ! ಸೀಟಿನ ಕೈಗೆ ಸಿಕ್ಕಿಸಿದರೆ ಗಾಳಿಯಲ್ಲೇ ಡೈಲಾಗು ಕಿವಿಗೆ. ಎಲ್ಲರಿಗೂ ಒಂದೇ ತೆರೆ, ಒಂದೇ ಚಿತ್ರ. ನಕ್ಕರೆ ಸಾಲಿಗೆ ಸಾಲೇ ನಗಬೇಕು.

ನಾನು ಬೆಂಗಳೂರಿನಿಂದ ದುಬೈಗೆ ಹೋದಾಗ ಸೀಟಿಗೊಂದು ತೆರೆ. ಪಕ್ಕದವನದು ಫೈಟಿಂಗು, ನನ್ನದು ಕಾಮಿಡಿ. ಗೊಳ್ಳೆಂದು ನಕ್ಕೆ. ಸುತ್ತಲಿನವರು ಹುಚ್ಚನನ್ನು ನೋಡಿದ ಹಾಗೆ ನೋಡಿದರು! ಚಿತ್ರ ನೂರಿರಲಿ ಸ್ವಾಮಿ, ಜತೆಗೆ ಶಿಳ್ಳೆ ಹೊಡೆಯೋರಿಲ್ಲದ ಸಿನಿಮಾ ಉಪ್ಪಿಲ್ಲದ ಸಾರು. ಏನಂತೀರಿ?